ಅಡಿಕೆಯ ವಿದ್ಯುನ್ಮಾನ ಹರಾಜು ಮತ್ತು ಬೆಲೆಯ ನಿರ್ಣಯ: ಇಡಗುಂದಿ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿವೇಚನೆ

೧. ವಿಷಯ ಪ್ರವೇಶ

ಯಾವ ಸರಕಿನ ಒಂದು ಘಟಕವು ಮತ್ತೊಂದರಂತೆಯೇ ಇರುವುದೋ ಅದರ ಬೆಲೆಯನ್ನು ಗೊತ್ತುಮಾಡುವುದು ಕಷ್ಟವಲ್ಲ. ಒಂದು ಚೀಲ ಸಿಮೆಂಟಿಗೂ ಅದೇ ಕಾರ್ಖಾನೆಯ ಇನ್ನೊಂದು ಚೀಲಕ್ಕೂ ಭೇದವಿಲ್ಲದುದರಿಂದ ಅಂಗಡಿಯವನು ಬೆಲೆಯನ್ನು ಹಲಗೆಯ ಮೇಲೆ ಬರೆದು ತೂಗುಹಾಕಬಹುದು. ಪ್ರತಿಯೊಂದು ಘಟಕವೂ ತನ್ನದೇ ಆದ ಗುಣದೋಷಗಳನ್ನು ಹೊತ್ತು ಬರುವ ಸರಕಿನ ವಿಷಯದಲ್ಲಿ ಇಂಥ ಹಲಗೆ ಪ್ರಯೋಜನಕ್ಕೆ ಬಾರದು. ಎತ್ತು, ವರ್ಣಚಿತ್ರ, ಹಳೆಯ ಮೋಟಾರು ಕಾರು, ತೋಟದ ಅಡಿಕೆ ಇವೆಲ್ಲವೂ ಈ ಎರಡನೆಯ ವರ್ಗಕ್ಕೆ ಸೇರಿದುವು. ಇವುಗಳ ಬೆಲೆಯನ್ನು ಕಂಡುಕೊಳ್ಳುವುದಕ್ಕೆ ಮನುಷ್ಯರು ಬಹುಕಾಲದಿಂದ ಹರಾಜನ್ನು ಆಶ್ರಯಿಸಿಕೊಂಡು ಬಂದಿದ್ದಾರೆ. ಬೆಲೆ ಇಂತಿಷ್ಟೆಂದು ಮಾರುವವನಿಗೂ ಖಚಿತವಾಗಿ ತಿಳಿಯದು. ಕೊಳ್ಳುವವರಲ್ಲಿ ಒಬ್ಬೊಬ್ಬನಿಗೂ ತನ್ನ ಮಟ್ಟಿಗೆ ಮಾತ್ರ ತಿಳಿದಿರುತ್ತದೆ. ಹಂಚಿಹೋಗಿರುವ ಈ ತಿಳಿವಳಿಕೆಯನ್ನು ಒಂದೆಡೆಗೆ ತರುವ ಉಪಾಯವೇ ಹರಾಜು.

ಕಳೆದ ಕೆಲವು ದಶಕಗಳಲ್ಲಿ ಹರಾಜು ಅಂಗಳವನ್ನು ಬಿಟ್ಟು ಗಣಕಯಂತ್ರದ ಜಾಲವನ್ನು ಸೇರಿದೆ. ಈ ಬದಲಾವಣೆಯಿಂದ ಮಾರುವವನಿಗೆ ಹೆಚ್ಚು ಬೆಲೆ ದೊರೆಯುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸಾಧುವಾದುದು, ಯಾವ ಸಂದರ್ಭಗಳಲ್ಲಿ ಅದು ಫಲಿಸುತ್ತದೆ, ಯಾವ ಸಂದರ್ಭಗಳಲ್ಲಿ ಫಲಿಸದು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಇಡಗುಂದಿ ಸೀಮೆಯ ಅಡಿಕೆಯನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ. ನಾವು ಪ್ರತಿಪಾದಿಸುವ ಮಾತನ್ನು ಮೊದಲಿಗೇ ಸೂಚಿಸುವುದು ಲೇಸು. ಹರಾಜಿನಲ್ಲಿ ಬರುವ ಬೆಲೆಗೆ ಆಧಾರಗಳು ಮೂರು: ಕೊಳ್ಳುವವರ ಸಂಖ್ಯೆ, ಸರಕಿನ ಗುಣವನ್ನು ಕುರಿತ ತಿಳಿವಳಿಕೆ, ಮತ್ತು ಬೆಲೆ ಒಗ್ಗದಿದ್ದಲ್ಲಿ ಮಾರದೆ ಉಳಿಯಲು ಮಾರುವವನಿಗಿರುವ ಶಕ್ತಿ. ಇವುಗಳಲ್ಲಿ ಮೊದಲನೆಯದನ್ನು ಯಂತ್ರವು ಬೆಳೆಸಬಲ್ಲುದು. ಉಳಿದೆರಡನ್ನು ಮನುಷ್ಯರು ಕಟ್ಟಿದ ಸಂಸ್ಥೆಗಳೇ ಒದಗಿಸಬೇಕು.

೨. ಪ್ರದೇಶ ಮತ್ತು ಸರಕು

ಇಡಗುಂದಿಯು ಅಂಕೋಲೆಯಿಂದ ಯಲ್ಲಾಪುರದ ಮೂಲಕ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟಕ್ಕೆ ಸಮೀಪದಲ್ಲಿರುವ ಊರು. ಸುತ್ತಲೂ ಕಾಡು, ಬೆಟ್ಟ; ನಡುವಣ ಕಣಿವೆಗಳಲ್ಲಿ ಅಡಿಕೆಯ ತೋಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ತೋಟಿಗರ ಬಾಳು ಬಹುಮಟ್ಟಿಗೆ ಈ ಒಂದು ಬೆಳೆಯನ್ನು ಅವಲಂಬಿಸಿದೆ. ಇಲ್ಲಿಯ ಅಡಿಕೆಗೆ ೨೦೧೯ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹೆಸರು ಶಿರಸಿಯದಾದರೂ ಮನ್ನಣೆಯು ಮೂರು ತಾಲೂಕುಗಳ ಬೆಳೆಗೂ ಸಲ್ಲುತ್ತದೆ.

ಅಡಿಕೆ ಎಂಬ ಹೆಸರು ಒಂದೇ ಆದರೂ ಸರಕು ಒಂದೇ ಅಲ್ಲ. ಯಲ್ಲಾಪುರದ ಮಾರುಕಟ್ಟೆಯ ದರಪಟ್ಟಿಯನ್ನು ನೋಡಿದರೆ ರಾಶಿ, ತಟ್ಟಿಬೆಟ್ಟೆ, ಅಪಿ, ಹೊಸ ಚಾಲಿ, ಹಳೆ ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಮುಂತಾದ ಹೆಸರುಗಳು ಕಾಣುತ್ತವೆ. ಎಳೆಯದಾಗಿ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದುದು ಕೆಂಪಡಿಕೆ. ಹಣ್ಣಾದ ಬಳಿಕ ಸಿಪ್ಪೆಯೊಡನೆ ಹಲವು ವಾರ ಬಿಸಿಲಿಗೆ ಹರವಿ, ಅನಂತರ ಸುಲಿದುದು ಚಾಲಿ. ಈ ಬಗೆಗಳೊಳಗೂ ತಾರತಮ್ಯ ಉಂಟು. ಕೊನೆ ಕೊಯ್ದ ಹೊತ್ತು, ಬೇಯಿಸಿದ ಚೊಗರಿನ ಹದ, ಒಣಗಿಸುವಾಗ ಬಿದ್ದ ಬಿಸಿಲು ಅಥವಾ ಹನಿದ ಮಳೆ, ಮಳೆಗಾಲದ ಕೊಳೆರೋಗದ ಹಾವಳಿ, ಅಟ್ಟದಲ್ಲಿ ಇಟ್ಟ ರೀತಿ ಇವೆಲ್ಲವೂ ಅಡಿಕೆಯ ಗಾತ್ರ, ಬಣ್ಣ, ತೂಕ ಮತ್ತು ಒಳಗಿನ ಗಟ್ಟಿತನದಲ್ಲಿ ಮುದ್ರೆಯೊತ್ತುತ್ತವೆ. ಅಕ್ಕಪಕ್ಕದ ಎರಡು ಮನೆಗಳ ರಾಶಿ ಅಡಿಕೆಗೆ ಒಂದೇ ದಿನ, ಒಂದೇ ಮಾರುಕಟ್ಟೆಯಲ್ಲಿ ಬೇರೆ ಬೇರೆ ಬೆಲೆ ಬರುವುದು ಈ ಕಾರಣದಿಂದ.

ಈ ಗುಣದೋಷಗಳಲ್ಲಿ ಕೆಲವು ಕಣ್ಣಿಗೆ ಕಾಣುವಂಥವು, ಕೆಲವು ಕಾಣದಂಥವು. ಬಣ್ಣ, ಗಾತ್ರಗಳನ್ನು ನೋಡಿ ತಿಳಿಯಬಹುದು. ಒಳಗೆ ಹುಳು ಹಿಡಿದಿದೆಯೋ, ತೇವ ಉಳಿದಿದೆಯೋ ಎಂಬುದು ಅಡಕತ್ತರಿಯಿಂದ ಕತ್ತರಿಸಿ ನೋಡಿದ ಹೊರತು ತಿಳಿಯದು. ಎಲ್ಲ ಅಡಿಕೆಯನ್ನೂ ಕತ್ತರಿಸಿ ನೋಡುವುದು ಅಸಾಧ್ಯವಾದುದರಿಂದ ನಾಲ್ಕಾರನ್ನು ಕತ್ತರಿಸಿ ಉಳಿದುದನ್ನು ಊಹಿಸಬೇಕಾಗುತ್ತದೆ. ಬೆಲೆಯ ನಿರ್ಣಯದಲ್ಲಿ ಈ ಊಹೆಗೆ ಇರುವ ಪಾತ್ರವು ಬಹು ದೊಡ್ಡದು.

೩. ಹರಾಜಿನ ಬಗೆಗಳು

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಬಹಿರಂಗ ಹರಾಜಿಗೆ ಲಿಲಾವು ಅಥವಾ ಸವಾಲು ಎಂಬ ಹೆಸರುಂಟು. ಕೊಳ್ಳುವವರು ಸುತ್ತಲೂ ನಿಂತು ಒಬ್ಬರಮೇಲೊಬ್ಬರು ಬೆಲೆ ಏರಿಸುತ್ತ ಹೋಗುವರು. ಕೊನೆಯ ಕೂಗಿಗೆ ಸರಕು ಸಲ್ಲುವುದು. ಭಾರತದ ಅನೇಕ ಸಂತೆಪೇಟೆಗಳಲ್ಲಿ ಇದಕ್ಕಿಂತ ಕೀಳಾದ ಇನ್ನೊಂದು ಪದ್ಧತಿಯೂ ಇದ್ದಿತು. ದಲಾಲಿಯೂ ಕೊಳ್ಳುವವನೂ ಬಟ್ಟೆಯ ಮರೆಯಲ್ಲಿ ಬೆರಳುಗಳನ್ನು ಮುಟ್ಟಿ ಬೆಲೆ ಕುದುರಿಸುತ್ತಿದ್ದರು. ಸರಕಿನ ಒಡೆಯನಾದ ರೈತನಿಗೆ ತನ್ನ ಸರಕಿಗೆ ಯಾರು ಎಷ್ಟು ಹೇಳಿದರೆಂಬುದು ತಿಳಿಯುತ್ತಿರಲಿಲ್ಲ. ೧೯೨೮ರಲ್ಲಿ ವರದಿ ಸಲ್ಲಿಸಿದ ರಾಜ ಕೃಷಿ ಆಯೋಗವು ಇಂಥ ದೋಷಗಳ ನಿವಾರಣೆಗಾಗಿ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಸಲಹೆ ಮಾಡಿತು. ಮುಂಬಯಿ ಪ್ರಾಂತದಲ್ಲಿ ೧೯೩೯ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಶಾಸನವು ಬಂದಿತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಉತ್ತರ ಕನ್ನಡವು ಮೈಸೂರು ರಾಜ್ಯವನ್ನು ಸೇರಿದ ಮೇಲೆ, ೧೯೬೬ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಶಾಸನವು ರಚಿತವಾಯಿತು.

ಅಡಿಕೆಯ ಪೇಟೆಗಳಲ್ಲಿ ನೆಲೆನಿಂತ ಪದ್ಧತಿಯು ಬಹಿರಂಗ ಸವಾಲಲ್ಲ, ಟೆಂಡರು. ಪ್ರತಿಯೊಬ್ಬ ತೋಟಿಗನ ಸರಕನ್ನೂ ಬೇರೆ ಬೇರೆ ಲಾಟಾಗಿ ಇಟ್ಟು ಸಂಖ್ಯೆ ಹಾಕುತ್ತಾರೆ. ವ್ಯಾಪಾರಿಗಳು ಲಾಟಿನಿಂದ ಲಾಟಿಗೆ ನಡೆದು, ಕೈಯಲ್ಲಿ ಹಿಡಿದು, ಕತ್ತರಿಸಿ ನೋಡಿ, ತಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಗೊತ್ತಾದ ವೇಳೆಗೆ ಪೆಟ್ಟಿಗೆಯನ್ನು ತೆರೆದು, ಪ್ರತಿಯೊಂದು ಲಾಟಿಗೂ ಅತಿ ಹೆಚ್ಚಿನ ಬೆಲೆ ಬರೆದವನ ಹೆಸರನ್ನು ಸಾರುತ್ತಾರೆ. ಒಬ್ಬನ ಬೆಲೆ ಮತ್ತೊಬ್ಬನಿಗೆ ಕಾಣದು. ಗೆದ್ದವನು ತಾನು ಬರೆದಷ್ಟನ್ನೇ ಕೊಡಬೇಕು.

ವಿದ್ಯುನ್ಮಾನ ಟೆಂಡರೆಂಬುದು ರೂಪದಲ್ಲಿ ಇದೇ ಪದ್ಧತಿ. ಚೀಟಿಯ ಸ್ಥಾನವನ್ನು ಗಣಕಯಂತ್ರವೂ ಮೊಬೈಲು ದೂರವಾಣಿಯೂ ಆಕ್ರಮಿಸಿವೆ. ಕರ್ನಾಟಕ ಸರ್ಕಾರವು ೨೦೧೪ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಜಂಟಿ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ರಾಜ್ಯದ ಮಾರುಕಟ್ಟೆಗಳು ಹಂತಹಂತವಾಗಿ ಅದರೊಳಗೆ ಬಂದುವು. ೨೦೧೬ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಇದೇ ಧ್ಯೇಯದ ರಾಷ್ಟ್ರೀಯ ಕೃಷಿ ಮಾರುಕಟ್ಟೆಯನ್ನು, ಎಂದರೆ ಇ-ನಾಮ್ ವೇದಿಕೆಯನ್ನು, ಸ್ಥಾಪಿಸಿತು. ಲೆಕ್ಕದಲ್ಲಿ ತಪ್ಪಾಗದಿರುವುದು, ಬರೆದ ಬೆಲೆಯನ್ನು ತಿದ್ದಲು ಎಡೆಯಿಲ್ಲದಿರುವುದು, ಫಲಿತಾಂಶವು ಒಡನೆ ಪ್ರಕಟವಾಗುವುದು, ಇವು ಈ ವ್ಯವಸ್ಥೆಯ ನಿರ್ವಿವಾದವಾದ ಲಾಭಗಳು. ಒಂದು ಮಾರುಕಟ್ಟೆಯ ಪರವಾನಗಿಯುಳ್ಳ ವ್ಯಾಪಾರಿಯು ಇತರ ಮಾರುಕಟ್ಟೆಗಳಲ್ಲಿಯೂ ಬೆಲೆ ಹೇಳುವಂತಾಗಬೇಕೆಂಬುದು ಅದರ ಮುಖ್ಯ ಗುರಿ. ಕೊಳ್ಳುವವರ ಸಂಖ್ಯೆಯನ್ನು ಹೆಚ್ಚಿಸುವ ಯತ್ನವೇ ಇದರ ತಿರುಳು.

೪. ಕೊಳ್ಳುವವರ ಸಂಖ್ಯೆ

ಸಂಖ್ಯೆ ಹೆಚ್ಚಿದಂತೆ ಬೆಲೆ ಏರುವುದೆಂಬುದು ಎಲ್ಲರೂ ಬಲ್ಲ ಮಾತು. ಅದು ಎಷ್ಟು ಏರುವುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಒಂದು ಲಾಟು ಅಡಿಕೆಯನ್ನು ಕೊಳ್ಳಲು ಬಂದ ವ್ಯಾಪಾರಿಗಳಿಗೆ ಅದು ಕ್ವಿಂಟಲಿಗೆ ೪೬,೦೦೦ ರೂಪಾಯಿಗಳಿಂದ ೫೨,೦೦೦ ರೂಪಾಯಿಗಳವರೆಗೆ ಬಾಳಬಹುದೆಂದು ಇಟ್ಟುಕೊಳ್ಳೋಣ. ಈ ಎರಡು ಎಲ್ಲೆಗಳ ನಡುವೆ ಪ್ರತಿಯೊಬ್ಬನ ಅಂದಾಜೂ ಎಲ್ಲಿ ಬೇಕಾದರೂ ಸಮಾನ ಸಂಭವದಿಂದ ಬೀಳಬಹುದು. ಒಬ್ಬನ ಅಂದಾಜಿಗೂ ಮತ್ತೊಬ್ಬನ ಅಂದಾಜಿಗೂ ಸಂಬಂಧವಿಲ್ಲ. ಗೆದ್ದರೆ ಬರೆದಷ್ಟನ್ನೂ ಕೊಡಬೇಕಾದುದರಿಂದ ಯಾವ ವ್ಯಾಪಾರಿಯೂ ತನ್ನ ಪೂರ್ಣ ಅಂದಾಜನ್ನು ಬರೆಯನು. ಸ್ವಲ್ಪ ತಗ್ಗಿಸಿಯೇ ಬರೆಯುವನು. ೫೨,೦೦೦ ರೂಪಾಯಿ ಬಾಳುವುದೆಂದು ತಿಳಿದವನು ಎದುರಾಳಿ ಒಬ್ಬನೇ ಇದ್ದರೆ ೪೯,೦೦೦ ಬರೆಯುವುದು ಅವನಿಗೆ ಹಿತ. ಎದುರಾಳಿಗಳು ನಾಲ್ವರಿದ್ದರೆ ೫೦,೮೦೦ ಬರೆಯದೆ ಗತ್ಯಂತರವಿಲ್ಲ.

ಈ ಲೆಕ್ಕವನ್ನು ಮುಂದುವರಿಸಿದರೆ, ಕೊಳ್ಳುವವರು ಇಬ್ಬರಾದಾಗ ತೋಟಿಗನಿಗೆ ಸರಾಸರಿಯಲ್ಲಿ ದೊರೆಯುವ ಬೆಲೆ ೪೮,೦೦೦, ಐವರಾದಾಗ ೫೦,೦೦೦, ಹನ್ನೊಂದು ಮಂದಿಯಾದಾಗ ೫೧,೦೦೦. ಮೊದಲು ಸೇರಿದ ಮೂವರಿಂದ ೨,೦೦೦ ರೂಪಾಯಿ ಹೆಚ್ಚಿತು. ಆಮೇಲೆ ಸೇರಿದ ಆರು ಮಂದಿಯಿಂದ ಹೆಚ್ಚಿದುದು ೧,೦೦೦ ಮಾತ್ರ. ಕೊಳ್ಳುವವರು ವಿರಳವಾಗಿರುವ ಪೇಟೆಯಲ್ಲಿ ಒಬ್ಬೊಬ್ಬನ ಆಗಮನವೂ ಬೆಲೆಯುಳ್ಳದ್ದು. ಈಗಾಗಲೇ ಸ್ಪರ್ಧೆ ಬಲವಾಗಿರುವ ಪೇಟೆಯಲ್ಲಿ ಹೊಸಬರಿಂದ ಆಗುವ ಲಾಭ ಅಲ್ಪ. ಆದುದರಿಂದ ಜಾಲವು ದೊಡ್ಡ ಪೇಟೆಗಿಂತ ಸಣ್ಣ ಪೇಟೆಗೆ ಹೆಚ್ಚು ಉಪಕಾರಿಯಾಗಬೇಕು. ಇದಲ್ಲದೆ, ದಿನವೂ ಮುಖ ನೋಡುವ ನಾಲ್ವರು ವ್ಯಾಪಾರಿಗಳು ತಮ್ಮೊಳಗೆ ಒಡಂಬಡಿಕೆ ಮಾಡಿಕೊಳ್ಳುವುದು ಸುಲಭ. ಹೊರಗಿನವನೊಬ್ಬನು ಬೆಲೆ ಹೇಳಬಹುದೆಂಬ ಭಯವಿದ್ದರೂ ಸಾಕು, ಅಂಥ ಒಡಂಬಡಿಕೆ ಸಡಿಲವಾಗುತ್ತದೆ.

ಮೇಲಿನ ಕಲ್ಪಿತ ಸನ್ನಿವೇಶದಲ್ಲಿ ಮುಚ್ಚಿದ ಟೆಂಡರೂ ಬಹಿರಂಗ ಸವಾಲೂ ಸರಾಸರಿಯಲ್ಲಿ ಒಂದೇ ಬೆಲೆಯನ್ನು ಕೊಡುತ್ತವೆ. ಈ ಫಲಿತಾಂಶದ ಬುನಾದಿಯನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ೧೯೬೧ರಲ್ಲಿ ಹಾಕಿದರು. ೧೯೯೬ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವು ಸಂದಿತು. ಆದರೆ ಈ ಸನ್ನಿವೇಶದಲ್ಲಿ ಒಂದು ಗೃಹೀತವಿದೆ: ಪ್ರತಿಯೊಬ್ಬನಿಗೂ ತನ್ನ ಪಾಲಿಗೆ ಸರಕಿನ ಬೆಲೆಯೆಷ್ಟೆಂಬುದು ಸಂದೇಹವಿಲ್ಲದೆ ಗೊತ್ತು. ಅಡಿಕೆಯಲ್ಲಿ ಇದು ನಿಜವಲ್ಲ. ಅದನ್ನೇ ಮುಂದೆ ವಿಚಾರಿಸಬೇಕಾಗಿದೆ.

೫. ಗುಣದ ತಿಳಿವಳಿಕೆ

ಸರಕಿನ ಗುಣವು ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಏನಾಗುವುದೆಂಬ ಪ್ರಶ್ನೆಯನ್ನು ಜಾರ್ಜ್ ಅಕರ್ಲಾಫರು ೧೯೭೦ರಲ್ಲಿ ಎತ್ತಿದರು. ಅವರು ಆರಿಸಿಕೊಂಡ ನಿದರ್ಶನ ಹಳೆಯ ಮೋಟಾರು ಕಾರುಗಳದು. ಅದೇ ತರ್ಕವನ್ನು ನಾವು ಅಡಿಕೆಗೆ ಅನ್ವಯಿಸಿ ನೋಡೋಣ. ಪೇಟೆಗೆ ಬಂದ ಲಾಟುಗಳಲ್ಲಿ ಅರ್ಧದಷ್ಟು ಕ್ವಿಂಟಲಿಗೆ ೫೨,೦೦೦ ರೂಪಾಯಿ ಬಾಳುವಂಥವು, ಉಳಿದರ್ಧ ೪೪,೦೦೦ ಬಾಳುವಂಥವು ಎಂದಿರಲಿ. ದೂರದಲ್ಲಿ ಕುಳಿತು ಬೆಲೆ ಹೇಳುವವನಿಗೆ ಯಾವುದು ಯಾವುದೆಂದು ತಿಳಿಯುವಂತಿಲ್ಲ. ಅವನು ಹೇಳಬಹುದಾದ ಗರಿಷ್ಠ ಬೆಲೆ ಸರಾಸರಿಯಾದ ೪೮,೦೦೦. ಈ ಬೆಲೆಗೆ ಒಳ್ಳೆಯ ಅಡಿಕೆಯ ಒಡೆಯನು ಒಪ್ಪದೆ ಹಿಂದೆಗೆಯುವನು. ಕೀಳು ಅಡಿಕೆಯ ಒಡೆಯನು ಸಂತೋಷದಿಂದ ಒಪ್ಪುವನು. ಈ ಅನುಭವವಾದ ಮೇಲೆ ದೂರದ ವ್ಯಾಪಾರಿಯು ೪೪,೦೦೦ಕ್ಕಿಂತ ಹೆಚ್ಚು ಹೇಳಲಾರನು. ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದಿದ್ದರೂ, ತಿಳಿವಳಿಕೆಯ ಅಭಾವ ಒಂದರಿಂದಲೇ ಒಳ್ಳೆಯ ಸರಕು ಆ ಪೇಟೆಯಿಂದ ಹೊರಬೀಳುತ್ತದೆ. ಜಾಲವು ನೂರು ವ್ಯಾಪಾರಿಗಳನ್ನು ಸೇರಿಸಿಕೊಟ್ಟರೂ, ಅವರೆಲ್ಲರೂ ಗುಣವನ್ನು ಅರಿಯದವರಾದರೆ ತೋಟಿಗನಿಗೆ ಫಲವಿಲ್ಲ.

ಹಾಗಾದರೆ ಹಳೆಯ ಕಾರುಗಳನ್ನೇ ಜಾಲದ ಮೂಲಕ ಮಾರುವವರು ಈ ತೊಡಕನ್ನು ಹೇಗೆ ದಾಟಿದರು? ಈ ಪ್ರಶ್ನೆ ನಮಗೆ ಉಪಯುಕ್ತವಾದುದು. ಅಮೆರಿಕದಲ್ಲಿ ಹಳೆಯ ಕ್ರೀಡಾ ಕಾರುಗಳ ಅಭಿಮಾನಿಗಳ ದೊಡ್ಡ ವರ್ಗವಿದೆ. ಒಂದೇ ವರ್ಷ, ಒಂದೇ ಮಾದರಿಯ ಎರಡು ಪೋರ್ಷೆ ಕಾರುಗಳು ತುಕ್ಕು, ದುರಸ್ತಿ, ಓಡಿದ ದೂರ, ಮೂಲ ಬಿಡಿಭಾಗಗಳು ಮುಂತಾದ ಕಾರಣಗಳಿಂದ ಬೆಲೆಯಲ್ಲಿ ಬಹಳ ಭಿನ್ನವಾಗುತ್ತವೆ. ‘ಬ್ರಿಂಗ್ ಎ ಟ್ರೈಲರ್’ ಎಂಬ ಸಂಸ್ಥೆಯು ೨೦೧೪ರಿಂದ ಇಂಥ ಕಾರುಗಳನ್ನು ಜಾಲದಲ್ಲಿ ಹರಾಜು ಹಾಕುತ್ತ ಬಂದಿದೆ; ೨೦೨೦ರಲ್ಲಿ ಅದನ್ನು ಹರ್ಸ್ಟ್ ಪತ್ರಿಕಾ ಸಂಸ್ಥೆಯು ಕೊಂಡುಕೊಂಡಿತು. ಅಲ್ಲಿ ಕಾರಿನ ಹೊರಮೈ, ಒಳಭಾಗ, ಯಂತ್ರ, ತಳಭಾಗಗಳ ಹಲವಾರು ಚಿತ್ರಗಳನ್ನೂ ದುರಸ್ತಿಯ ದಾಖಲೆಗಳನ್ನೂ ಮುಂದಿಡುತ್ತಾರೆ. ವಾಹನವನ್ನು ಬಲ್ಲವರು ಸಾರ್ವಜನಿಕವಾಗಿ ಪ್ರಶ್ನೆ ಕೇಳುತ್ತಾರೆ; ಮಾರುವವನು ಸಾರ್ವಜನಿಕವಾಗಿಯೇ ಉತ್ತರಿಸಬೇಕು. ಹರಾಜು ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಅವಧಿಯು ಎರಡು ನಿಮಿಷ ವಿಸ್ತರಿಸಲ್ಪಡುತ್ತದೆ. ಇದರಿಂದ ಇತರರಿಗೆ ಮರುವಿಚಾರಕ್ಕೆ ಅವಕಾಶ ಸಿಗುತ್ತದೆ.

ಈಬೇ ಸಂಸ್ಥೆಯ ಮೂಲಕ ನಡೆದ ಕಾರುಗಳ ಮಾರಾಟವನ್ನು ಪರೀಕ್ಷಿಸಿದ ಗ್ರೆಗರಿ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞರು ೨೦೧೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಾರುವವನು ಚಿತ್ರಗಳಿಂದಲೂ ವಿವರಣೆಯಿಂದಲೂ ಎಷ್ಟು ಹೆಚ್ಚು ತಿಳಿಸುವನೋ ಅಷ್ಟು ಬೆಲೆ ಏರುವುದೆಂಬುದನ್ನು ತೋರಿಸಿದ್ದಾರೆ. ತಿಳಿಸಿದ ಮಾತು ಸುಳ್ಳಾದರೆ ಕೇಳುವ ಹಕ್ಕು ಕೊಂಡವನಿಗೆ ಇರುವುದರಿಂದಲೇ ಆ ಮಾತಿಗೆ ಬೆಲೆ. ಪಾಲ್ ಮಿಲ್ಗ್ರಮ್ ಮತ್ತು ರಾಬರ್ಟ್ ವೆಬರ್ ಎಂಬ ವಿದ್ವಾಂಸರು ೧೯೮೨ರಲ್ಲಿಯೇ ಇದರ ತಾತ್ತ್ವಿಕ ನೆಲೆಯನ್ನು ಸ್ಥಾಪಿಸಿದ್ದರು. ಕೊಳ್ಳುವವರ ಅಂದಾಜುಗಳು ಪರಸ್ಪರ ಸಂಬಂಧವುಳ್ಳವಾದಾಗ, ಸರಕಿನ ಬಗ್ಗೆ ಸತ್ಯವನ್ನು ಬಹಿರಂಗಪಡಿಸುವುದರಿಂದ ಸರಾಸರಿ ಬೆಲೆ ಏರುತ್ತದೆ. ಏರುಕೂಗಿನ ಹರಾಜು ಮುಚ್ಚಿದ ಟೆಂಡರಿಗಿಂತ ಹೆಚ್ಚು ಬೆಲೆ ತರುತ್ತದೆ. ಗೆದ್ದವನಲ್ಲಿ ಸಹಜವಾಗಿ ಹುಟ್ಟುವ ಅಳುಕು ಇದಕ್ಕೆ ಕಾರಣ. ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿ ಗೆದ್ದವನು, ಉಳಿದವರು ಕಂಡ ದೋಷವನ್ನು ತಾನು ಕಾಣಲಿಲ್ಲವೋ ಏನೋ ಎಂದು ಶಂಕಿಸುತ್ತಾನೆ. ಈ ಶಂಕೆಯನ್ನು ಮೊದಲೇ ಎಣಿಸಿ ಬೆಲೆಯನ್ನು ತಗ್ಗಿಸಿ ಬರೆಯುತ್ತಾನೆ. ಇತರರೂ ಸಮೀಪದ ಬೆಲೆಯನ್ನೇ ಹೇಳುತ್ತಿರುವುದು ಕಣ್ಣಿಗೆ ಕಂಡರೆ ಅವನ ಅಳುಕು ಕಡಮೆಯಾಗುತ್ತದೆ.

ಕಾರಿನ ಪದ್ಧತಿಯನ್ನು ಹಾಗೆಯೇ ಅಡಿಕೆಗೆ ತರಬಹುದೆಂದು ಇದರಿಂದ ತೀರ್ಮಾನಿಸಲಾಗದು. ಲಕ್ಷಾಂತರ ರೂಪಾಯಿ ಬಾಳುವ ಒಂದು ಕಾರಿಗಾಗಿ ಏಳು ದಿನದ ಗಮನವನ್ನು ವ್ಯಯಿಸುವುದು ಸಾರ್ಥಕ. ಕೆಲವೇ ಚೀಲಗಳ ಒಂದು ಲಾಟಿಗೆ ವ್ಯಾಪಾರಿಯು ಕೊಡಬಲ್ಲ ಗಮನವು ಕೆಲವು ನಿಮಿಷಗಳದು. ಹಂಗಾಮಿನ ದಿನಗಳಲ್ಲಿ ಒಂದು ಬೆಳಗಿನೊಳಗೆ ಅವನು ಬಹುಸಂಖ್ಯೆಯ ಲಾಟುಗಳನ್ನು ನೋಡಿ ಬೆಲೆ ಬರೆಯಬೇಕಾಗುತ್ತದೆ. ಗಮನವು ಅಡಿಕೆಯ ಪೇಟೆಯಲ್ಲಿ ದುರ್ಲಭವಾದ ಪದಾರ್ಥ. ಸಣ್ಣ ತೋಟಿಗನ ಸಣ್ಣ ಲಾಟಿಗೆ ಬೆಲೆ ಬರೆಯುವವರೇ ಕಡಮೆಯಾಗುವ ಅಪಾಯ ಇರುವುದು ಇಲ್ಲಿಯೇ.

೬. ಬೇಡವೆನ್ನುವ ಶಕ್ತಿ

ಮೂರನೆಯ ಆಧಾರವು ಮಾರುವವನ ತಾಳ್ಮೆ. ಕಾರಿನ ಹರಾಜಿನಲ್ಲಿ ಮಾರುವವನು ಒಂದು ಕನಿಷ್ಠ ಬೆಲೆಯನ್ನು ಗುಟ್ಟಾಗಿ ಗೊತ್ತುಮಾಡಬಹುದು. ಅಲ್ಲಿಗೆ ಮುಟ್ಟದಿದ್ದರೆ ಕಾರು ಅವನಲ್ಲಿಯೇ ಉಳಿಯುತ್ತದೆ. ನಮ್ಮ ಮಾರುಕಟ್ಟೆಯಲ್ಲಿಯೂ ಟೆಂಡರಿನ ಬೆಲೆಯನ್ನು ನಿರಾಕರಿಸುವ ಹಕ್ಕು ತೋಟಿಗನಿಗಿದೆ. ಆದರೆ ಹಕ್ಕು ಬೇರೆ, ಶಕ್ತಿ ಬೇರೆ. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಕೊನೆಗೌಡನ ಕೂಲಿ, ಗೊಬ್ಬರದ ಬಾಕಿ ಇವು ಕದ ತಟ್ಟುತ್ತಿರುವಾಗ ಬೆಲೆ ಬೇಡವೆಂದು ಸರಕನ್ನು ಹಿಂದಕ್ಕೆ ಪಡೆಯುವುದು ಎಲ್ಲರಿಂದಲೂ ಆಗದು. ವ್ಯಾಪಾರಿಗೇ ಸಾಲಗಾರನಾದವನು ಅದೇ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಸರಕನ್ನು ಒಪ್ಪಿಸಬೇಕಾಗುವುದು ಕೃಷಿ ಮಾರಾಟದ ಇತಿಹಾಸದಲ್ಲಿ ಹಳೆಯ ಕಥೆ.

ಈ ಸೀಮೆಯ ಸಹಕಾರ ಸಂಸ್ಥೆಗಳ ಮಹತ್ತ್ವವನ್ನು ಈ ದೃಷ್ಟಿಯಿಂದ ನೋಡಬೇಕು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ಚಳವಳಿಯು ಘಟ್ಟದ ಸೀಮೆಗೂ ಹಬ್ಬಿತು. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಹುಟ್ಟಿತು; ಅದರ ಸ್ಥಾಪನೆಯಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಹೆಸರು ಸ್ಮರಣೀಯವಾದುದು. ಟಿ.ಎಸ್.ಎಸ್. ಎಂದು ಪ್ರಸಿದ್ಧವಾಗಿರುವ ಈ ಸಂಘಕ್ಕೆ ಯಲ್ಲಾಪುರ, ಸಿದ್ದಾಪುರಗಳಲ್ಲಿಯೂ ಶಾಖೆಗಳುಂಟು. ಶಿವಮೊಗ್ಗೆಯ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು ೧೯೩೯ರಲ್ಲಿಯೂ, ೧೯೭೦ರ ಸುಮಾರಿನ ಬೆಲೆಕುಸಿತದ ಬಳಿಕ ಮಂಗಳೂರಿನ ಕ್ಯಾಂಪ್ಕೊ ೧೯೭೩ರಲ್ಲಿಯೂ ಸ್ಥಾಪಿತವಾದುವು.

ಇಂಥ ಸಂಘವು ಮಾಡುವ ಕೆಲಸವೇನು? ತೋಟಿಗನು ತನ್ನ ಮಹಸೂಲನ್ನು ಸಂಘದ ವಖಾರಿಯಲ್ಲಿ ಇಡುತ್ತಾನೆ. ಅದರ ಆಧಾರದ ಮೇಲೆ ಮುಂಗಡ ಹಣವನ್ನು ಪಡೆಯುತ್ತಾನೆ. ಬೆಲೆ ತನಗೆ ಒಪ್ಪಿಗೆಯಾದ ದಿನ ಟೆಂಡರಿಗೆ ಬಿಡುತ್ತಾನೆ. ಮುಂಗಡವು ಇಂದಿನ ಅಗತ್ಯವನ್ನೂ ಇಂದಿನ ಬೆಲೆಯನ್ನೂ ಬೇರ್ಪಡಿಸುತ್ತದೆ. ವ್ಯಾಪಾರಿಗಳಿಗೆ ಈ ವಿಷಯ ಗೊತ್ತಿರುವುದರಿಂದ ತೀರ ತಗ್ಗಿದ ಬೆಲೆ ಬರೆಯುವುದರಲ್ಲಿ ಅವರಿಗೂ ಪ್ರಯೋಜನವಿಲ್ಲ. ಇದಲ್ಲದೆ ಸಂಘವು ತೂಕಕ್ಕೂ ಹಣದ ಪಾವತಿಗೂ ಜವಾಬ್ದಾರಿ ಹೊರುತ್ತದೆ. ವರ್ಷವರ್ಷವೂ ಅದೇ ಸಂಘದ ಮೂಲಕ ಬರುವ ಮನೆಯ ಅಡಿಕೆಯ ಹದ ಎಂಥದೆಂಬುದು ಕ್ರಮೇಣ ಪೇಟೆಗೆ ತಿಳಿದುಬರುತ್ತದೆ. ಜಾಲದ ಹರಾಜಿನಲ್ಲಿ ಚಿತ್ರಗಳೂ ದಾಖಲೆಗಳೂ ಮಾಡುವ ಕೆಲಸವನ್ನು ಇಲ್ಲಿ ದೀರ್ಘಕಾಲದ ಪರಿಚಯವು ಮಾಡುತ್ತಿದೆ. ಗಣಕಯಂತ್ರವು ಬರುವುದಕ್ಕೆ ಎಷ್ಟೋ ದಶಕಗಳ ಮೊದಲೇ ಶಿರಸಿ ಸೀಮೆಯ ತೋಟಿಗರು ಮೂರು ಆಧಾರಗಳಲ್ಲಿ ಎರಡನ್ನು ತಕ್ಕಮಟ್ಟಿಗೆ ಕಟ್ಟಿಕೊಂಡಿದ್ದರು ಎಂದು ಹೇಳಲು ಅಡ್ಡಿಯಿಲ್ಲ.

೭. ಪ್ರಯೋಗಗಳಿಂದ ತಿಳಿದುದು

ವಿದ್ಯುನ್ಮಾನ ವೇದಿಕೆಯ ಫಲವನ್ನು ಅಳೆಯುವ ಯತ್ನಗಳು ನಮ್ಮ ರಾಜ್ಯವನ್ನೇ ಕುರಿತು ನಡೆದಿವೆ. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯಾ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಎಂಬ ವಿದ್ವಾಂಸರು ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಕೀಕೃತ ವೇದಿಕೆಯಿಂದ ಭತ್ತದ ಬೆಲೆ ಶೇಕಡ ೫.೧ರಷ್ಟು, ನೆಲಗಡಲೆಯದು ೩.೬ರಷ್ಟು, ಮೆಕ್ಕೆಜೋಳದ್ದು ೩.೫ರಷ್ಟು ಏರಿತು. ಎಲ್ಲ ಸರಕುಗಳಲ್ಲಿಯೂ ಏರಿಕೆ ಸಮಾನವಾಗಿ ಕಾಣಲಿಲ್ಲ. ಸಾಗಣೆಯ ತೊಡಕು, ಬೆಲೆ ಬರೆಯುವ ಕ್ರಮದ ಸೌಕರ್ಯ, ಒಂದೇ ಪೇಟೆಯೊಳಗೆ ಕೊಳ್ಳುವವರ ಕೇಂದ್ರೀಕರಣ ಮೊದಲಾದುವು ಈ ವ್ಯತ್ಯಾಸಕ್ಕೆ ಕಾರಣವೆಂದು ಅವರು ಹೇಳಿದ್ದಾರೆ. ನಮ್ಮ ವಿವೇಚನೆಗೆ ಈ ಮಾತು ಪೋಷಕವಾಗಿದೆ.

ಇದೇ ವಿದ್ವಾಂಸರು ೨೦೧೯ರಲ್ಲಿ ಕರ್ನಾಟಕದ ಒಂದು ಬೇಳೆಕಾಳಿನ ಮಾರುಕಟ್ಟೆಯಲ್ಲಿ ಇನ್ನೊಂದು ಪ್ರಯೋಗವನ್ನು ನಡೆಸಿದರು. ಅಲ್ಲಿ ಟೆಂಡರನ್ನು ಎರಡು ಹಂತವಾಗಿ ವಿಭಾಗಿಸಲಾಯಿತು. ಮೊದಲ ಹಂತದಲ್ಲಿ ಎಲ್ಲರೂ ಎಂದಿನಂತೆ ಬೆಲೆ ಬರೆಯುವರು. ಪ್ರತಿಯೊಂದು ಲಾಟಿಗೂ ಮುಂದಿನ ಸ್ಥಾನದಲ್ಲಿರುವ ಕೆಲವರಿಗೆ ಮಾತ್ರ ಎರಡನೆಯ ಹಂತದಲ್ಲಿ ಬೆಲೆಯನ್ನು ಏರಿಸಲು ಅವಕಾಶ. ಇದರಿಂದ ಬೆಲೆ ಸುಮಾರು ಶೇಕಡ ೪.೭ರಷ್ಟು ಹೆಚ್ಚಿತೆಂದು ವರದಿಯಾಗಿದೆ. ಕಾರಿನ ಹರಾಜಿನಲ್ಲಿ ಎರಡು ನಿಮಿಷದ ವಿಸ್ತರಣೆಯು ಮಾಡುವ ಕೆಲಸವನ್ನೇ ಇಲ್ಲಿ ಎರಡನೆಯ ಹಂತವು ಮಾಡಿತು. ಗಮನವು ದುರ್ಲಭವಾದಲ್ಲಿ ಅದನ್ನು ನಿಜವಾದ ಸ್ಪರ್ಧೆಯಿರುವ ಲಾಟುಗಳ ಕಡೆಗೆ ತಿರುಗಿಸುವುದು ಇದರ ಜಾಣ್ಮೆ. ಶೇಕಡ ನಾಲ್ಕೈದು ಎಂಬುದು ಅಲ್ಪವೆಂದು ತೋರಬಹುದು. ಬೇಸಾಯದ ಖರ್ಚು ಮೊದಲೇ ಆಗಿಹೋಗಿರುವುದರಿಂದ ಬೆಲೆಯಲ್ಲಿ ಹೆಚ್ಚಿದ ಪ್ರತಿಯೊಂದು ರೂಪಾಯಿಯೂ ರೈತನ ನಿವ್ವಳ ಲಾಭಕ್ಕೆ ಸೇರುತ್ತದೆಂಬುದನ್ನು ಮರೆಯಬಾರದು.

ಆದರೆ ಹರಾಜಿನ ರೀತಿಯಿಂದ ಎಲ್ಲವೂ ಆಗುವುದೆಂದು ಭಾವಿಸುವುದು ಸರಿಯಲ್ಲ. ಹೊರದೇಶದ ಅ‌ಡಿಕೆಯ ಆಮದು ಬೆಲೆಯ ಮೇಲೆ ಬಲವಾದ ಪ್ರಭಾವ ಬೀರುತ್ತದೆ. ೨೦೨೩ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಕನಿಷ್ಠ ಆಮದು ಬೆಲೆಯನ್ನು ಕಿಲೋವಿಗೆ ೨೫೧ ರೂಪಾಯಿಯಿಂದ ೩೫೧ ರೂಪಾಯಿಗೆ ಏರಿಸಿದುದು ಈ ಕಾರಣದಿಂದ. ಒಟ್ಟು ಬೇಡಿಕೆಯನ್ನು ಹರಾಜು ಸೃಷ್ಟಿಸಲಾರದು. ಇರುವ ಬೇಡಿಕೆಯಲ್ಲಿ ತೋಟಿಗನಿಗೆ ನ್ಯಾಯವಾದ ಪಾಲು ದೊರೆಯುವಂತೆ ಮಾಡುವುದಷ್ಟೇ ಅದರ ಕಾರ್ಯ.

೮. ಮುಂದಿನ ದಾರಿ

ಇಷ್ಟರಿಂದ ಇಡಗುಂದಿಯಂಥ ಊರಿನ ಸಣ್ಣ ತೋಟಿಗನಿಗೆ ಅನ್ವಯಿಸುವ ಕೆಲವು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದಾಗಿ, ದೂರದ ವ್ಯಾಪಾರಿಯು ನಂಬಿ ಬೆಲೆ ಬರೆಯಬೇಕಾದರೆ ಲಾಟಿನ ಗುಣವನ್ನು ಮೂರನೆಯವನೊಬ್ಬನು ಪರೀಕ್ಷಿಸಿ ಬರೆದಿಡಬೇಕು. ತೇವಾಂಶ, ಗಾತ್ರ, ಕತ್ತರಿಸಿ ನೋಡಿದ ಮಾದರಿಯಲ್ಲಿ ಕೆಟ್ಟವುಗಳ ಪ್ರಮಾಣ, ಇಷ್ಟನ್ನು ಚಿತ್ರಸಹಿತವಾಗಿ ಕೊಟ್ಟರೂ ಬಹಳ ಉಪಕಾರವಾಗುತ್ತದೆ. ಬರೆದುದು ತಪ್ಪಾದಾಗ ಹೊಣೆ ಯಾರದೆಂಬುದೂ ನಿಶ್ಚಿತವಾಗಿರಬೇಕು. ಈ ಕೆಲಸಕ್ಕೆ ಸಹಕಾರ ಸಂಘಕ್ಕಿಂತ ಯೋಗ್ಯವಾದ ಸಂಸ್ಥೆಯನ್ನು ನಾವು ಕಾಣೆವು.

ಎರಡನೆಯದಾಗಿ, ಸಣ್ಣ ಲಾಟುಗಳನ್ನು ದರ್ಜೆಯ ಪ್ರಕಾರ ಕೂಡಿಸಿ ದೊಡ್ಡ ಲಾಟುಗಳನ್ನಾಗಿ ಮಾಡಬಹುದು. ಆಗ ವ್ಯಾಪಾರಿಯ ಗಮನಕ್ಕೆ ತಕ್ಕ ಗಾತ್ರ ಒದಗುತ್ತದೆ. ಇದರಲ್ಲಿ ಒಂದು ಧರ್ಮಸಂಕಟವೂ ಇದೆ. ಎಲ್ಲರ ಅಡಿಕೆಯನ್ನೂ ಒಟ್ಟುಗೂಡಿಸಿ ಸರಾಸರಿ ಬೆಲೆ ಹಂಚಿದರೆ, ಮೋಡ ಕಂಡೊಡನೆ ಅಂಗಳಕ್ಕೆ ಓಡಿ ಅಡಿಕೆಯನ್ನು ಬಾಚಿದವನಿಗೂ ನೆನೆಯಲು ಬಿಟ್ಟವನಿಗೂ ಒಂದೇ ಪ್ರತಿಫಲ ಬರುತ್ತದೆ. ಕ್ರಮೇಣ ಎಚ್ಚರ ವಹಿಸುವವರು ಕಡಮೆಯಾಗುತ್ತಾರೆ. ಆದುದರಿಂದ ಕೂಡಿಸುವ ಮೊದಲು ದರ್ಜೆಗಳನ್ನು ಸೂಕ್ಷ್ಮವಾಗಿ ವಿಂಗಡಿಸಬೇಕು. ವಿಂಗಡಣೆಯು ತೋಟಿಗನ ಕಣ್ಣೆದುರಿಗೇ ನಡೆಯಬೇಕು. ಒಪ್ಪದವನಿಗೆ ತನ್ನ ಲಾಟನ್ನು ಪ್ರತ್ಯೇಕವಾಗಿ ಮಾರುವ ಸ್ವಾತಂತ್ರ್ಯವಿರಬೇಕು.

ಮೂರನೆಯದು ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದುದು. ಮಾರುಕಟ್ಟೆಯ ದೈನಂದಿನ ವರದಿಯಲ್ಲಿ ಪ್ರತಿಯೊಂದು ಬಗೆಯ ಅಡಿಕೆಗೂ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಪ್ರಚಲಿತವಾದ ಬೆಲೆಗಳನ್ನು ಕೊಡುತ್ತಾರೆ. ಒಂದೊಂದು ಲಾಟಿಗೆ ಎಷ್ಟು ಮಂದಿ ಬೆಲೆ ಬರೆದರು, ಮೊದಲನೆಯ ಬೆಲೆಗೂ ಎರಡನೆಯದಕ್ಕೂ ಅಂತರವೆಷ್ಟು ಎಂಬ ಎರಡು ಅಂಕಿಗಳು ಅದರಲ್ಲಿಲ್ಲ. ವ್ಯಾಪಾರಿಗಳ ಹೆಸರನ್ನು ಬಿಟ್ಟು ಇವೆರಡನ್ನು ಪ್ರಕಟಿಸಿದರೆ, ಯಾವ ಬಗೆಯ ಅಡಿಕೆಗೆ ಸ್ಪರ್ಧೆ ಕ್ಷೀಣವಾಗಿದೆ, ಸಣ್ಣ ಲಾಟುಗಳಿಗೆ ಬೆಲೆ ಬರೆಯುವವರು ನಿಜವಾಗಿಯೂ ಕಡಮೆಯೋ ಎಂಬುದನ್ನು ಪದವಿ ತರಗತಿಯ ವಿದ್ಯಾರ್ಥಿಯೂ ಲೆಕ್ಕಹಾಕಿ ತೋರಿಸಬಲ್ಲನು. ಯಂತ್ರದಲ್ಲಿ ಈ ಅಂಕಿಗಳು ದಿನವೂ ತಾವಾಗಿಯೇ ದಾಖಲಾಗುತ್ತವೆ. ಅವನ್ನು ಸಂಗ್ರಹಿಸಲು ಹೊಸ ವೆಚ್ಚ ಬೇಕಿಲ್ಲ. ತನ್ನ ಲಾಟಿಗೆ ಒಬ್ಬನೇ ಬೆಲೆ ಬರೆದನೋ, ಒಂಬತ್ತು ಮಂದಿ ಬರೆದರೋ ಎಂಬುದು ಅದೇ ದಿನ ತಿಳಿದರೆ, ಆ ಬೆಲೆಗೆ ಒಪ್ಪುವುದೋ ಸರಕನ್ನು ವಖಾರಿಯಲ್ಲಿಯೇ ಉಳಿಸುವುದೋ ಎಂಬುದನ್ನು ತೋಟಿಗನು ತಾನೇ ವಿವೇಚಿಸಿ ನಿರ್ಧರಿಸಬಲ್ಲನು. ಮಾರುಕಟ್ಟೆ ಸಮಿತಿಗಳೂ ಸಹಕಾರ ಸಂಘಗಳೂ ಈ ಅಂಕಿಗಳನ್ನು ತೋಟಿಗರಿಗೂ ಅಭ್ಯಾಸಿಗಳಿಗೂ ತೆರೆದಿಡುವುದು ಅತ್ಯಗತ್ಯವೆಂದು ನಾವು ಭಾವಿಸುತ್ತೇವೆ.